ಒಬ್ಬರ ಕಾಯಿಲೆ, ಮನೆಯ ಪಥ್ಯ

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ. ಯಜಮಾನರಿಗೆ ಐವತ್ತೆರಡು ವರ್ಷ, ಬ್ಯಾಂಕಿನಲ್ಲಿ ಕೆಲಸ. ಮನೆಯಾಕೆ, ಕಾಲೇಜಿಗೆ ಹೋಗುವ ಮಗಳು, ಎಂಬತ್ತರ ಸಮೀಪದ ತಾಯಿ, ಇಷ್ಟೇ ಸಂಸಾರ. ಕನ್ನಡಕ ಬದಲಾಯಿಸಲೆಂದು ಕಣ್ಣಿನ ಡಾಕ್ಟರ ಬಳಿಗೆ ಹೋದಾಗ, "ಒಮ್ಮೆ ರಕ್ತವನ್ನೂ ಪರೀಕ್ಷೆ ಮಾಡಿಸಿಬಿಡಿ" ಎಂದು ಅವರು ಹೇಳಿದ್ದರು. ಸಂಕ್ರಾಂತಿಯ ಹಿಂದಿನ ದಿನ ಪರೀಕ್ಷೆಯ ಚೀಟಿ ಕೈಗೆ ಬಂದಿತು. ಬರಿಹೊಟ್ಟೆಯ ಸಕ್ಕರೆ 168. ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಅಂಕ 8.4. ಯಜಮಾನರು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಬೀರುವಿನಲ್ಲಿ ಪಾಸ್‌ಪುಸ್ತಕಗಳ ಕೆಳಗೆ ಇಟ್ಟರು. ಯಾರಿಗೂ ಹೇಳಲಿಲ್ಲ. ಮರುದಿನ ಹಬ್ಬದೂಟದಲ್ಲಿ ಸಿಹಿ ಹುಗ್ಗಿಯನ್ನು ಎಂದಿನಂತೆ ಎರಡು ಸಲ ಬಡಿಸಿಕೊಂಡರು.

ಚೀಟಿ ಹನ್ನೊಂದು ದಿನ ಅಲ್ಲಿಯೇ ಇತ್ತು. ಹನ್ನೆರಡನೆಯ ದಿನ, ಮನೆಗಂದಾಯದ ರಸೀತಿ ಹುಡುಕುತ್ತಿದ್ದ ಮನೆಯಾಕೆಯ ಕೈಗೆ ಸಿಕ್ಕಿತು. ಅವರು ಕೂಗಾಡಲಿಲ್ಲ. "ಏನೂಂದ್ರೆ, ಇದನ್ನು ನನ್ನಿಂದ ಮುಚ್ಚಿಡಬೇಕು ಎಂದು ಏಕೆ ಅನ್ನಿಸಿತು ನಿಮಗೆ?" ಎಂದಷ್ಟೇ ಕೇಳಿದರು. ಯಜಮಾನರು ಉತ್ತರ ಹೇಳಲಾರದೆ ಹೋದರು.

ಆ ಪ್ರಶ್ನೆಗೆ ಉತ್ತರ ಹೇಳಲಾರದವರು ಅವರೊಬ್ಬರೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯು, ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13.6 ಕೋಟಿ ಜನ ಆ ರೋಗದ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಅಂದಾಜು ಮಾಡಿದೆ. ಇಷ್ಟು ಮನೆಗಳಲ್ಲಿ ಎಷ್ಟು ಚೀಟಿಗಳು ಬೀರು ಸೇರಿರಬಹುದು!

ಬಚ್ಚಿಡುವುದಕ್ಕೆ ಮುಖ್ಯ ಕಾರಣ ಭಯವಲ್ಲ, ನಾಚಿಕೆ. "ಸಿಹಿ ತಿಂದು ತಿಂದು ತಂದುಕೊಂಡ" ಎಂದು ನಾಲ್ಕು ಜನ ಅಂದುಬಿಟ್ಟಾರು ಎಂಬ ಅಳುಕು. ಈ ಮಾತಿನಲ್ಲಿ ಪೂರ್ಣ ಸತ್ಯವಿಲ್ಲ. ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಮಧುಮೇಹಕ್ಕೆ ವಂಶದ ಪಾಲು ದೊಡ್ಡದು; ಅದರೊಡನೆ ಹೊಟ್ಟೆಯ ಸುತ್ತಿನ ಬೊಜ್ಜು, ಕುಳಿತೇ ಮಾಡುವ ಕೆಲಸ, ಏರುತ್ತಿರುವ ವಯಸ್ಸು ಕೂಡಿಕೊಳ್ಳುತ್ತವೆ. ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ರಸಕ್ಕೆ ದೇಹವು ಸರಿಯಾಗಿ ಓಗೊಡುವುದಿಲ್ಲ. ಕ್ರಮೇಣ ಆ ರಸವೂ ಸಾಲದಾಗುತ್ತದೆ. ಆಗ ಉಂಡ ಅನ್ನದಿಂದ ಹುಟ್ಟಿದ ಸಕ್ಕರೆಯು ಸ್ನಾಯುಗಳಿಗೆ ಸೇರದೆ ರಕ್ತದಲ್ಲಿಯೇ ಉಳಿಯುತ್ತದೆ. ಪ್ರಾಚೀನರಾದ ಸುಶ್ರುತರೇ ಈ ರೋಗವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿದ್ದರು. ರೋಗಿಯನ್ನು ಅಪರಾಧಿಯ ಕಟ್ಟೆಯಲ್ಲಿ ನಿಲ್ಲಿಸುವುದರಿಂದ ಒಂದು ಅಂಕವೂ ಕೆಳಗಿಳಿಯುವುದಿಲ್ಲ.

ಅಂಕಗಳ ಅರ್ಥವನ್ನು ಮೊದಲು ತಿಳಿದುಕೊಳ್ಳುವುದು ಒಳಿತು. ಎಂಟು ಗಂಟೆಗಳಾದರೂ ಏನನ್ನೂ ತಿನ್ನದೆ ಮಾಡಿಸಿದ ಪರೀಕ್ಷೆಯಲ್ಲಿ ನೂರು ಮಿಲಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆಯಿದ್ದರೆ ಮಧುಮೇಹವೆನ್ನುತ್ತಾರೆ. 100ರಿಂದ 125ರವರೆಗಿನದು ಹೊಸ್ತಿಲು. ಎರಡನೆಯ ಅಂಕವನ್ನು ಎಚ್‌ಬಿಎ1ಸಿ ಎಂದು ಕರೆಯುವರು. ರಕ್ತದ ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನ. ಆ ಅವಧಿಯಲ್ಲಿ ಅವಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕವೇ ಈ ಅಂಕ. ಇದು 6.5 ಅಥವಾ ಅದಕ್ಕಿಂತ ಮೇಲಿದ್ದರೆ ರೋಗವೆಂದು ಅರ್ಥ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಈ ಅಂಕಕ್ಕೆ ಮೋಸ ಮಾಡಲು ಬರುವುದಿಲ್ಲ. ಇಷ್ಟಾದರೂ ಇದು ಶಿಕ್ಷೆಯ ತೀರ್ಪಲ್ಲ. ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ, ಖಾತೆಯ ಶಿಲ್ಕು. ಮುಂದಿನ ತ್ರೈಮಾಸಿಕದಲ್ಲಿ ಅದನ್ನು ತಿದ್ದುವುದಕ್ಕೆ ಅವಕಾಶವುಂಟು.

ನೂರು ವರ್ಷಗಳ ಹಿಂದೆ ಆ ಅವಕಾಶವಿಲ್ಲದ ಮಧುಮೇಹಿಗಳೂ ಇದ್ದರು. ದೇಹದಲ್ಲಿ ಇನ್ಸುಲಿನ್ನೇ ಬತ್ತಿಹೋಗುವ ಇನ್ನೊಂದು ಬಗೆಯ, ಉಗ್ರವಾದ ಮಧುಮೇಹ ಬಂದವರು ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದ ರಾಬಿನ್ ಲಾರೆನ್ಸ್ ಎಂಬ ತರುಣ ವೈದ್ಯರಿಗೆ 1920ರಲ್ಲಿ ಈ ರೋಗ ಪತ್ತೆಯಾಯಿತು. ಅವರಿಗಾಗ ಮೂವತ್ತೂ ತುಂಬಿರಲಿಲ್ಲ. ಮುಂದೇನಾಗುವುದೆಂಬುದು ವೈದ್ಯರಾದ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮನೆಯವರ ಕಣ್ಣೆದುರಿಗೆ ಸಾಯುವುದು ಬೇಡವೆಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೊರಟುಹೋದರು. ಒಬ್ಬರು ಚೀಟಿಯನ್ನು ಬಚ್ಚಿಟ್ಟರೆ, ಇನ್ನೊಬ್ಬರು ತಮ್ಮನ್ನೇ ಬಚ್ಚಿಟ್ಟುಕೊಂಡರು!

ಅಷ್ಟರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಇನ್ಸುಲಿನ್ ಬೇರ್ಪಡಿಸುವ ಕೆಲಸ ಕೈಗೂಡಿತ್ತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಮೊದಲು ಚುಚ್ಚಲಾಯಿತು. ಮರುವರ್ಷ, ಆಸ್ಪತ್ರೆಯ ಸಹೋದ್ಯೋಗಿಯೊಬ್ಬರು ಲಾರೆನ್ಸರಿಗೆ ಸುದ್ದಿ ಕಳುಹಿಸಿದರು: ಮದ್ದು ಬಂದಿದೆ, ಫಲ ಕೊಡುತ್ತಿದೆ, ತಡಮಾಡದೆ ಬರಬೇಕು. ಬಹಳ ಕ್ಷೀಣಿಸಿದ್ದ ಅವರು 1923ರ ಮೇ ತಿಂಗಳಲ್ಲಿ ಲಂಡನ್ನಿಗೆ ಮರಳಿ, ಇನ್ಸುಲಿನ್ ಪಡೆದು, ಮತ್ತೆ ನಲವತ್ತೈದು ವರ್ಷ ಬಾಳಿದರು. ಬರಿದೆ ಬಾಳಲಿಲ್ಲ, ಮಧುಮೇಹಿಯು ಮನೆಯಲ್ಲಿಯೇ ಹೇಗೆ ತೂಗಿ, ಅಳೆದು, ಉಂಡು ಸುಖವಾಗಿರಬಹುದೆಂದು ರೋಗಿಗಳಿಗಾಗಿ 1925ರಲ್ಲಿ ಪುಸ್ತಕ ಬರೆದರು. 1934ರಲ್ಲಿ, ಸ್ವತಃ ಮಧುಮೇಹಿಯಾಗಿದ್ದ ಕಾದಂಬರಿಕಾರ ಎಚ್. ಜಿ. ವೆಲ್ಸರೊಡನೆ ಕೂಡಿ ಮಧುಮೇಹಿಗಳ ಸಂಘವನ್ನೇ ಸ್ಥಾಪಿಸಿದರು. ಮನೆಯವರಿಂದ ದೂರ ಹೋಗಿದ್ದ ಮನುಷ್ಯ, ಕೊನೆಗೆ ಸಾವಿರಾರು ಜನರನ್ನು ಒಂದೆಡೆ ಸೇರಿಸಿದರು. ಅವರು ತೀರಿಕೊಂಡದ್ದು 1968ರಲ್ಲಿ.

ಮೈಸೂರಿನ ಯಜಮಾನರ ಕಾಯಿಲೆ ಅಷ್ಟು ಉಗ್ರವಾದುದಲ್ಲ. ಆದರೆ ಕಲಿಯಬೇಕಾದ ಮೊದಲ ಪಾಠ ಮಾತ್ರ ಅದೇ: ಮುಚ್ಚಿಟ್ಟ ಕಾಯಿಲೆಗೆ ಮದ್ದಿಲ್ಲ.

ಆದರೆ ಮುಚ್ಚಳ ತೆಗೆದೊಡನೆ ಎಲ್ಲವೂ ಸರಿಹೋಯಿತೆ? ಇಲ್ಲ. ಚೀಟಿ ಸಿಕ್ಕ ಮರುದಿನದಿಂದ ಆ ಮನೆಯಲ್ಲಿ ಎರಡು ಅಡಿಗೆ ಆರಂಭವಾಯಿತು. ಬೆಳಗಾಗುತ್ತಲೇ ಯಜಮಾನರಿಗೆ ಒಂದು ಲೋಟ ಹಾಗಲಕಾಯಿ ರಸ. ಮಧ್ಯಾಹ್ನ ಎಣ್ಣೆ ಸೋಕದ ಎರಡು ಚಪಾತಿ, ಬೇಯಿಸಿದ ಸೋರೆಕಾಯಿ. ಪಕ್ಕದ ತಟ್ಟೆಗಳಲ್ಲಿ ಅನ್ನ, ಹುಳಿ, ಹಪ್ಪಳ. ವೃದ್ಧ ತಾಯಿ, "ನನ್ನ ಮಗನಿಗೆ ಅನ್ನದ ಋಣ ತೀರಿತೆ?" ಎಂದು ಸೆರಗಿನಿಂದ ಕಣ್ಣೊರಸಿಕೊಂಡರು. ಯಜಮಾನರು ತಪ್ಪು ಮಾಡಿದ ಹುಡುಗನಂತೆ ತಲೆ ತಗ್ಗಿಸಿ ಉಂಡರು. ಮನೆಯಾಕೆಗೆ ದುಪ್ಪಟ್ಟು ಕೆಲಸ, ಮನಸ್ಸಿಗೂ ನೆಮ್ಮದಿಯಿಲ್ಲ. ನಾಲ್ಕನೆಯ ಸಂಜೆ ಯಜಮಾನರು ಬ್ಯಾಂಕಿನಿಂದ ನೇರವಾಗಿ ಮನೆಗೆ ಬರಲಿಲ್ಲ. ಹೋಟೆಲಿಗೆ ಹೋಗಿ ಮಸಾಲೆದೋಸೆ, ಎರಡು ಜಾಮೂನು ತಿಂದು ಬಂದರು. ಮಗಳು ಅಂದೇ ಔಷಧದ ಅಂಗಡಿಯಿಂದ ಗ್ಲೂಕೋಮೀಟರು ತಂದಿದ್ದಳು. ಬೆರಳು ಚುಚ್ಚಿ ನೋಡಿದರೆ 264!

ಮನೆಯಾಕೆಯ ಮುಖ ಕೆಂಪೇರಿತು. ಮಾತು ಬೆಳೆಯುವುದರೊಳಗೆ ಮಗಳು ಕೇಳಿದಳು: "ಅಮ್ಮ, ಅಪ್ಪನಿಗೆ ಒಳ್ಳೆಯದಾದ ಊಟ ನಮಗೇನು ಕೆಟ್ಟದ್ದೆ? ನಾವೆಲ್ಲ ಅದನ್ನೇ ಏಕೆ ಉಣ್ಣಬಾರದು?"

ಚಿಕ್ಕ ಮಾತು, ಆದರೆ ಮನೆಯ ದಾರಿ ತಿರುಗಿದ್ದು ಅಲ್ಲಿಯೇ. ಮಧುಮೇಹಿಯ ಪಥ್ಯವೆಂದರೆ ರೋಗಿಯ ಗಂಜಿಯಲ್ಲ. ಮನೆಮಂದಿಯೆಲ್ಲರೂ ಉಣ್ಣಬಹುದಾದ ಹಿತವಾದ ಊಟವೇ ಅದು. ಬೇರೆ ತಟ್ಟೆ ಎಂಬುದು ಮನುಷ್ಯನನ್ನು ತನ್ನ ಮನೆಯಲ್ಲಿಯೇ ಪರಕೀಯನನ್ನಾಗಿ ಮಾಡುತ್ತದೆ. ಪರಕೀಯನಾದವನು ಹೋಟೆಲು ಹುಡುಕಿಕೊಂಡು ಹೋದರೆ ಆಶ್ಚರ್ಯವೇನು?

ಒಂದೇ ಒಲೆಯ ಈ ಏರ್ಪಾಡಿಗೆ ಲೆಕ್ಕ ಸುಲಭ. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿ. ಆಲೂಗಡ್ಡೆ ಈ ಪಾಲಿಗೆ ಸೇರದು. ಕಾಲು ಭಾಗ ಬೇಳೆ, ಕಾಳು, ಮೊಸರು. ಮಾಂಸಾಹಾರಿಗಳಾದರೆ ಮೊಟ್ಟೆ, ಮೀನು. ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ಚಪಾತಿ. "ರಾಗಿಯಾದರೆ ಎಷ್ಟು ಬೇಕಾದರೂ ತಿನ್ನಬಹುದು" ಎಂಬ ನಂಬಿಕೆ ಬಲವಾಗಿದೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ ಅದರ ಬಹುಭಾಗ ಅಕ್ಕಿಯಂತೆಯೇ ಪಿಷ್ಟ. ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಬೆಲ್ಲ, ಜೇನುತುಪ್ಪಗಳ ವಿಷಯವೂ ಹೀಗೆಯೇ. ಬಣ್ಣ ಬೇರೆಯಾದ ಮಾತ್ರಕ್ಕೆ ಬೆಲ್ಲವು ಸಕ್ಕರೆಯ ಕುಲ ಬಿಟ್ಟು ಹೋಗುವುದಿಲ್ಲ. ಹಾಗಲಕಾಯಿಯು ಪಲ್ಯವಾಗಿ ಬಹಳ ಒಳ್ಳೆಯದು. ಡಾಕ್ಟರು ಬರೆದುಕೊಟ್ಟ ಮಾತ್ರೆಯ ಸ್ಥಾನವನ್ನು ಅದಕ್ಕೆ ಕೊಡುವಂತಿಲ್ಲ.

ಉಣ್ಣುವ ಕ್ರಮಕ್ಕೂ ಬೆಲೆಯುಂಟು. ತರಕಾರಿ, ಬೇಳೆಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ಊಟದ ನಂತರದ ಸಕ್ಕರೆ ಅಷ್ಟಾಗಿ ಏರುವುದಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಬಾಳೆಯೆಲೆಯ ಊಟದಲ್ಲಿ ಕೋಸಂಬರಿ, ಪಲ್ಯಗಳನ್ನು ಮೊದಲೇ ಬಡಿಸುವುದು ಈ ನಾಡಿನ ರೂಢಿ. ಅವನ್ನು ನೆಂಚಿಕೊಳ್ಳಲೆಂದು ಮೂಲೆಯಲ್ಲಿ ಉಳಿಸಿಕೊಳ್ಳದೆ ಅನ್ನ ಬರುವ ಮೊದಲೇ ತಿಂದು ಮುಗಿಸಿದರಾಯಿತು.

ಇನ್ನು ಕಾಫಿ. ಯಜಮಾನರು ಒಂದು ಸಂಜೆ ಕಾಗದ ಪೆನ್ಸಿಲು ಹಿಡಿದು ಕುಳಿತರು. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ. ಚಮಚಕ್ಕೆ ನಾಲ್ಕು ಗ್ರಾಮಿನಂತೆ ದಿನಕ್ಕೆ 24 ಗ್ರಾಂ, ತಿಂಗಳಿಗೆ 720 ಗ್ರಾಂ. ಮುಕ್ಕಾಲು ಕಿಲೋ ಸಕ್ಕರೆ ಕಾಫಿಯ ಮರೆಯಲ್ಲಿಯೇ ಒಳಗೆ ಹೋಗುತ್ತಿತ್ತು! ಎರಡು ಚಮಚ ಒಂದಾಯಿತು, ಒಂದು ಅರೆಯಾಯಿತು. ಮೂರನೆಯ ವಾರದ ಹೊತ್ತಿಗೆ ಸಕ್ಕರೆಯಿಲ್ಲದ ಕಾಫಿಯಲ್ಲಿ ಬೀಜದ ಪರಿಮಳ ಮೊದಲಿಗಿಂತ ಚೆನ್ನಾಗಿ ತಿಳಿಯಿತೆಂದು ಅವರೇ ಒಪ್ಪಿಕೊಂಡರು.

ಊಟದಷ್ಟೇ ಮುಖ್ಯವಾದುದು ನಡಿಗೆ. ದುಡಿಯುತ್ತಿರುವ ಸ್ನಾಯುವು ರಕ್ತದಲ್ಲಿನ ಸಕ್ಕರೆಯನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ವಾರಕ್ಕೆ 150 ನಿಮಿಷಗಳಾದರೂ ಚುರುಕಾಗಿ ನಡೆಯಬೇಕೆಂಬುದು ವೈದ್ಯರ ಸಲಹೆ; ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ದಂಪತಿಗಳು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯತೊಡಗಿದರು. ರಾತ್ರಿಯ ಊಟವಾದ ಮೇಲೆ ಬೀದಿಯ ಕೊನೆಯವರೆಗೆ ಹತ್ತು ಹದಿನೈದು ನಿಮಿಷ. ಇಪ್ಪತ್ತೈದು ವರ್ಷಗಳ ದಾಂಪತ್ಯದಲ್ಲಿ ಇಷ್ಟು ಮಾತನಾಡಿದ್ದು ಇದೇ ಮೊದಲೆಂದು ಮನೆಯಾಕೆ ನಗುತ್ತಿದ್ದರು.

ಮಾತ್ರೆಯ ವಿಷಯದಲ್ಲಿಯೂ ಯಜಮಾನರಿಗೆ ಅಳುಕಿತ್ತು. "ಒಮ್ಮೆ ಶುರುಮಾಡಿದರೆ ಬಿಡುವ ಹಾಗಿಲ್ಲವಂತೆ" ಎಂದು ಡಾಕ್ಟರನ್ನು ಕೇಳಿಯೇ ಕೇಳಿದರು. ಡಾಕ್ಟರು, "ಕನ್ನಡಕವನ್ನೂ ಬಿಡುವ ಹಾಗಿಲ್ಲ, ಹಾಕಿಕೊಂಡಿದ್ದೀರಲ್ಲ?" ಎಂದರಂತೆ. ಅವರು ಬರೆದುಕೊಟ್ಟ ಮೆಟ್‌ಫಾರ್ಮಿನ್ ಹೊಸ ಔಷಧವಲ್ಲ. ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ 1957ರಲ್ಲಿಯೇ ಅದರ ಗುಣವನ್ನು ಪ್ರಕಟಿಸಿದ್ದರು. ಮಾತ್ರೆಯ ಪ್ರಮಾಣವನ್ನು ನಿರ್ಧರಿಸುವುದು ವೈದ್ಯರ ಕೆಲಸ, ನೆರೆಮನೆಯವರದಲ್ಲ. ಹಾಗೆಂದು ಆಸೆಯನ್ನೇ ಬಿಡಬೇಕಾಗಿಲ್ಲ. ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದಿದ್ದ, ತೂಕ ಹೆಚ್ಚಾಗಿದ್ದ ಜನರಿಗೆ ಬ್ರಿಟನ್ನಿನಲ್ಲಿ ವೈದ್ಯರ ಉಸ್ತುವಾರಿಯಲ್ಲಿ ತೂಕ ಇಳಿಸಿ ನೋಡಿದರು. ವರ್ಷದ ಕೊನೆಗೆ ಅವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನರ ಸಕ್ಕರೆ ಮಾತ್ರೆಯಿಲ್ಲದೆಯೇ ರೋಗದ ಗೆರೆಯಿಂದ ಕೆಳಗಿಳಿದಿತ್ತೆಂದು 2017ರಲ್ಲಿ ಪ್ರಕಟವಾಯಿತು. ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಮನೆಯವರೆಲ್ಲರೂ ತಿಳಿದಿರಬೇಕಾದ ಇನ್ನೊಂದು ಸಂಗತಿಯುಂಟು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಕೆಲವು ಬಗೆಯ ಮಾತ್ರೆಗಳನ್ನು ನುಂಗುವವರಲ್ಲಿ, ಊಟ ತಪ್ಪಿದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ಮಂಕು ಅದರ ಲಕ್ಷಣಗಳು. ಆಗ ಸಕ್ಕರೆಯೇ ಮದ್ದು! ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಏಕಾದಶಿಯ ಉಪವಾಸ ಮಾಡುವ ಮಧುಮೇಹಿಗಳು ಮೊದಲು ಡಾಕ್ಟರನ್ನು ಕೇಳುವುದು ಕ್ಷೇಮ. ವರ್ಷಕ್ಕೊಮ್ಮೆ ಕಣ್ಣಿನ ಒಳಪದರದ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ. ದಿನಕ್ಕೊಮ್ಮೆ ಪಾದಗಳ ಪರೀಕ್ಷೆ. ಪಾದದ ಸ್ಪರ್ಶಜ್ಞಾನ ಮಂದವಾದವರಿಗೆ ಬೇಸಗೆಯಲ್ಲಿ ದೇವಸ್ಥಾನದ ಕಾದ ಕಲ್ಲುಹಾಸು ಕಾಲು ಸುಟ್ಟದ್ದೂ ತಿಳಿಯದೆ ಹೋಗಬಹುದು.

ಈ ಕೊನೆಯ ಮಾತಿನ ಬೆಲೆ ಆ ಮನೆಗೆ ತಿಳಿದದ್ದು ಯುಗಾದಿಯ ದಿನ. ಹಾಸನದಿಂದ ಯಜಮಾನರ ಅಕ್ಕ ಹಬ್ಬಕ್ಕೆ ಬಂದಿದ್ದರು. ಬೇವುಬೆಲ್ಲವಾಯಿತು, ಊಟಕ್ಕೆ ಕುಳಿತದ್ದಾಯಿತು. ತಮ್ಮನ ಎಲೆಯಲ್ಲಿ ಅರ್ಧ ಹೋಳಿಗೆ ಕಂಡು ಅಕ್ಕನಿಗೆ ಸಹಿಸಲಾಗಲಿಲ್ಲ.

"ಏನೋ ಇದು? ಹಬ್ಬದ ದಿನ ಅರ್ಧ ಹೋಳಿಗೆಯೆ? ಒಂದು ತಿಂದರೆ ಏನಾಗುತ್ತದೆ? ನಾನು ಹೇಳುತ್ತೇನೆ, ಹಾಕಿಸಿಕೋ."

ಪ್ರೀತಿಯಿಂದ ಬಂದ ಈ ಒತ್ತಾಯವನ್ನು ಗೆಲ್ಲುವುದು ನಾಲಗೆಯನ್ನು ಗೆಲ್ಲುವುದಕ್ಕಿಂತ ಕಷ್ಟ. ಬಡಿಸುವುದೇ ಪ್ರೀತಿಯ ಭಾಷೆಯಾಗಿರುವ ಸಮಾಜದಲ್ಲಿ, 'ಸಾಕು' ಎಂಬ ಮಾತು ಪ್ರೀತಿಯನ್ನೇ ನಿರಾಕರಿಸಿದಂತೆ ಕೇಳಿಸುತ್ತದೆ. ಯಜಮಾನರು ಮೆಲ್ಲಗೆ ಹೇಳಿದರು: "ಅಕ್ಕ, ಈ ಅರ್ಧವನ್ನು ನಿಧಾನವಾಗಿ ತಿನ್ನುತ್ತಿದ್ದೇನೆ. ಎರಡೆರಡು ತಿಂದ ಕಾಲದಲ್ಲಿ ಇಷ್ಟು ರುಚಿ ನೋಡಿರಲಿಲ್ಲ." ತುಸು ತಡೆದು, "ಅಣ್ಣನ ಕಾಲಿನ ಹುಣ್ಣು ನೆನಪಿದೆಯೆ ನಿನಗೆ?" ಎಂದು ಕೇಳಿದರು.

ಆ ಮನೆಯಲ್ಲಿ ಮಕ್ಕಳೆಲ್ಲ ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಹೆಬ್ಬೆರಳಿಗೆ ಚುಚ್ಚಿದ ಮುಳ್ಳು ಹುಣ್ಣಾಗಿ, ಎರಡು ವರ್ಷ ಮಾಯದೆ, ಕಾಲನ್ನೂ ಕೊನೆಗೆ ಪ್ರಾಣವನ್ನೂ ಅದು ತೆಗೆದುಕೊಂಡಿತ್ತು. ಅವರ ರಕ್ತವನ್ನು ಯಾರೂ ಮೊದಲೇ ಪರೀಕ್ಷಿಸಿರಲಿಲ್ಲ. ವೃದ್ಧ ತಾಯಿ ಊಟದ ಮಧ್ಯೆ ಕೈ ತಡೆದರು. ಅಕ್ಕ ಮತ್ತೆ ಒತ್ತಾಯಿಸಲಿಲ್ಲ.

ಆ ರಾತ್ರಿ ಅಡಿಗೆಮನೆಯಲ್ಲಿ ಪಾತ್ರೆ ಎತ್ತಿಡುವಾಗ ಅಕ್ಕ ನಾದಿನಿಯ ಕೈ ಹಿಡಿದುಕೊಂಡರು. "ಒಂದು ವರ್ಷದಿಂದ ನನಗೆ ಅಂಗಾಲು ಉರಿಯುತ್ತದೆ ಕಣೆ. ರಾತ್ರಿಯೆಲ್ಲ ನಿದ್ರೆಯಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ."

"ನಾಳೆ ಬೆಳಿಗ್ಗೆ ಕಾಫಿ ಕುಡಿಯಬೇಡಿ, ಅತ್ತಿಗೆ. ಬರಿಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿಕೊಂಡು ಬರೋಣ" ಎಂದರು ಮನೆಯಾಕೆ.

ತಂದೆತಾಯಿಗಳಲ್ಲಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ಕಾಯಿಲೆ ಕಂಡರೆ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ. ಅನೇಕರಲ್ಲಿ ವರ್ಷಗಟ್ಟಲೆ ಯಾವ ಲಕ್ಷಣವೂ ತೋರುವುದಿಲ್ಲ. ಒಬ್ಬರು ಬಾಯಿ ಬಿಟ್ಟು ಹೇಳಿದ್ದು ಇನ್ನೊಬ್ಬರ ಕಾಲನ್ನು ಉಳಿಸಬಹುದು.

ಏಪ್ರಿಲಿನಲ್ಲಿ ಯಜಮಾನರ ಎರಡನೆಯ ಚೀಟಿ ಬಂದಿತು. ಬರಿಹೊಟ್ಟೆಯ ಸಕ್ಕರೆ 118; ಮೂರು ತಿಂಗಳ ಅಂಕ 7.0. ಗುರಿ ತಲುಪಲು ಇನ್ನೂ ಸ್ವಲ್ಪ ಉಳಿದಿದೆಯೆಂದು ಡಾಕ್ಟರು ಹೇಳಿದರು. ಅಕ್ಕನ ಚೀಟಿಯೂ ಅದಕ್ಕೆ ಮೊದಲೇ ಬಂದಿತ್ತು. ಅವರಿಗೂ ಮಧುಮೇಹವಿತ್ತು; ಕಾಲಿನ ನರಗಳಿಗೆ ಅದರ ಬಿಸಿ ಆಗಲೇ ತಟ್ಟಿತ್ತು. ಆದರೆ ಚಿಕಿತ್ಸೆ ಆರಂಭವಾಗಿದೆ. ಹಾಸನದ ಮನೆಯಲ್ಲಿಯೂ ಈಗ ಒಂದೇ ಅಡಿಗೆ.

ಯಜಮಾನರ ಹೊಸ ಚೀಟಿ ಬೀರು ಸೇರಲಿಲ್ಲ. ಅಡಿಗೆಮನೆಯ ಗೋಡೆಯಲ್ಲಿ, ಹಾಲಿನ ಲೆಕ್ಕ ಬರೆಯುವ ಪಂಚಾಂಗದ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಮಗಳು ಅದನ್ನು ಅಂಟಿಸಿದ್ದಾಳೆ.